ಮುಖ ಕಾಣಲಿ, ತಲೆಯ ಮೇಲಿನದು ಇರಲಿ

ಚುನಾವಣೆ ಬಂದಾಗಲೆಲ್ಲ ಯಾವುದಾದರೊಂದು ಮತಗಟ್ಟೆಯ ಮುಂದೆ ಈ ಜಗಳ ನಡೆಯುತ್ತದೆ. ಬುರ್ಖಾ ತೊಟ್ಟ ಹೆಂಗಸು ಸರದಿಯಲ್ಲಿ ನಿಂತಿರುತ್ತಾಳೆ. ಮುಖ ತೋರಿಸಲಿ ಎಂದು ಒಬ್ಬ ಏಜೆಂಟ್ ಪಟ್ಟು ಹಿಡಿಯುತ್ತಾನೆ, ಅದು ಅವಮಾನ ಎಂದು ಇನ್ನೊಬ್ಬ ಕೂಗುತ್ತಾನೆ, ಸಂಜೆಗೆ ಟಿ.ವಿ.ಯಲ್ಲಿ ಚರ್ಚೆ. ಈ ಗದ್ದಲದಲ್ಲಿ ಅವಳ ಕೈಯಲ್ಲಿರುವ ಗುರುತಿನ ಚೀಟಿಯನ್ನು ಯಾರೂ ನೋಡುವುದಿಲ್ಲ. ಅದರಲ್ಲಿ ಅವಳ ಫೋಟೋ ಇದೆ. ಮುಖ ಪೂರ್ತಿ ಕಾಣುತ್ತದೆ, ತಲೆಯ ಮೇಲೆ ಬಟ್ಟೆಯಿದೆ. ಆ ಫೋಟೋ ತೆಗೆದ ದಿನವೇ ಸರ್ಕಾರಕ್ಕೂ ಅವಳಿಗೂ ನಡುವೆ ಒಂದು ಒಪ್ಪಂದ ಆಗಿಹೋಗಿದೆ: ನೀನು ಮುಖ ತೋರಿಸು, ನಾನು ನಿನ್ನ ತಲೆಯ ತಂಟೆಗೆ ಬರುವುದಿಲ್ಲ. ಈ ಒಪ್ಪಂದ ನ್ಯಾಯವಾದದ್ದು ಎಂದು ನಾನು ನಂಬುತ್ತೇನೆ. ಆದರೆ ಎಲ್ಲ ದೇಶಗಳೂ ಇದನ್ನು ಒಪ್ಪಿಲ್ಲ. ಒಪ್ಪಿದ ಕಡೆಯಲ್ಲೂ ಕೌಂಟರಿನ ಮುಂದೆ ಅದು ಆಗಾಗ ಮುರಿದು ಬೀಳುತ್ತದೆ.

ನಮ್ಮ ದೇಶದಲ್ಲಿ ಭಾವಚಿತ್ರವಿರುವ ಮತದಾರರ ಚೀಟಿ ಬಂದದ್ದು 1993ರಲ್ಲಿ, ಟಿ.ಎನ್. ಶೇಷನ್ ಅವರು ಮುಖ್ಯ ಚುನಾವಣಾ ಆಯುಕ್ತರಾಗಿದ್ದಾಗ. ಮುಂದೆ ಮತದಾರರ ಪಟ್ಟಿಯಲ್ಲೇ ಫೋಟೋ ಅಚ್ಚು ಹಾಕುವ ಕ್ರಮ ಬಂದಿತು. ಗೋಷಾ ಪಾಲಿಸುವ ಹೆಂಗಸರ ಚಿತ್ರ ಪರಪುರುಷರ ಕೈಸೇರುತ್ತದೆ ಎಂಬ ತಕರಾರಿನೊಂದಿಗೆ ಒಬ್ಬ ಅರ್ಜಿದಾರರು ಮದರಾಸು ಹೈಕೋರ್ಟಿಗೆ ಹೋದರು. 2006ರಲ್ಲಿ ಅರ್ಜಿ ವಜಾ ಆಯಿತು. ಪ್ರಕರಣ ಸುಪ್ರೀಂ ಕೋರ್ಟಿಗೆ ಏರಿತು. 2010ರ ಜನವರಿಯಲ್ಲಿ ಮುಖ್ಯ ನ್ಯಾಯಮೂರ್ತಿ ಕೆ.ಜಿ. ಬಾಲಕೃಷ್ಣನ್ ಅವರಿದ್ದ ಪೀಠ, ಯಾರಿಗೂ ಮುಖ ಕಾಣಿಸಬಾರದೆಂಬಷ್ಟು ಗಟ್ಟಿ ಭಾವನೆಯಿದ್ದರೆ ಮತ ಹಾಕಲು ಹೋಗಬೇಡಿ ಎಂಬ ಅರ್ಥದ ಮಾತಾಡಿತು. ಫೋಟೋದಲ್ಲಿ ಮುಖ ಇರಲೇಬೇಕು ಎಂಬ ನಿಲುವು ಸರಿಯೇ. ಆದರೆ ಮತದಾನದ ಹಕ್ಕು ಬೇಡವಾದರೆ ಬಿಟ್ಟು ಮನೆಗೆ ಹೋಗುವಂಥ ಸವಲತ್ತಲ್ಲ. ಆ ಹೆಂಗಸು ಮತಗಟ್ಟೆಗೆ ಬರುವಂತೆ ಮಾಡುವುದು ಪ್ರಜಾಪ್ರಭುತ್ವದ ಹೊಣೆ, ಹೋಗಬೇಡ ಎನ್ನುವ ಮಾತು ನ್ಯಾಯಪೀಠದಿಂದ ಬರಬಾರದಿತ್ತು.

ಪಾಸ್‌ಪೋರ್ಟಿನ ವಿಷಯದಲ್ಲಿ ನಮ್ಮ ನಿಯಮ ಸ್ಪಷ್ಟವಾಗಿದೆ. ಧಾರ್ಮಿಕ ಕಾರಣಕ್ಕೆ ತಲೆ ಮುಚ್ಚಿಕೊಳ್ಳಬಹುದು. ಗದ್ದದ ತುದಿಯಿಂದ ಹಣೆಯ ಮೇಲ್ಭಾಗದವರೆಗೆ, ಎರಡೂ ಅಂಚುಗಳ ಸಮೇತ, ಮುಖ ಕಾಣಬೇಕು. ಆಧಾರ್ ನೋಂದಣಿಯಲ್ಲೂ ಪೇಟ, ಶಿರವಸ್ತ್ರಗಳಿಗೆ ಅವಕಾಶವಿದೆ. ಬೀದರಿನ ಗುರುನಾನಕ್ ಝೀರಾದ ಸುತ್ತ ನೆಲೆಸಿದ ಸಿಖ್ಖರು, ಕರಾವಳಿಯ ಕಾನ್ವೆಂಟುಗಳ ಕನ್ಯಾಸ್ತ್ರೀಯರು, ಭಟ್ಕಳದಿಂದ ಕೊಲ್ಲಿ ದೇಶಗಳಿಗೆ ಹೊರಡುವ ಕುಟುಂಬಗಳ ಹೆಂಗಸರು, ಎಲ್ಲರಿಗೂ ಅನ್ವಯಿಸುವುದು ಈ ಒಂದೇ ಅಳತೆ. ಇದು ನಾವೇ ಕಂಡುಹಿಡಿದದ್ದೇನೂ ಅಲ್ಲ. ಪ್ರಯಾಣದ ದಾಖಲೆಗಳಿಗೆ ಜಗತ್ತಿನ ಮಾನದಂಡ ರೂಪಿಸುವ ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆಯ 9303ನೇ ದಾಖಲೆ ತಲೆ ಮುಚ್ಚುವುದನ್ನು ಸಾಮಾನ್ಯವಾಗಿ ಒಪ್ಪುವುದಿಲ್ಲ. ಧಾರ್ಮಿಕ, ವೈದ್ಯಕೀಯ ಅಥವಾ ಸಾಂಸ್ಕೃತಿಕ ಕಾರಣಕ್ಕೆ ಆಯಾ ದೇಶ ಅನುಮತಿಸಬಹುದು ಎನ್ನುತ್ತದೆ. ಬ್ರಿಟನ್ನಿನ ನಿಯಮ ಹೆಚ್ಚುಕಡಿಮೆ ಇದೇ. ದಿನನಿತ್ಯ ಧರಿಸುವ ಧಾರ್ಮಿಕ ಉಡುಪು ಇದು ಎಂದು ಅರ್ಜಿದಾರರು ಸಹಿ ಮಾಡಿ ಬರೆದುಕೊಟ್ಟರೆ ಅಮೆರಿಕವೂ ಒಪ್ಪುತ್ತದೆ.

ಬರಿದಲೆಯೇ ಸಹಜ, ಮುಚ್ಚಿದ ತಲೆ ವಿನಾಯಿತಿ ಎಂಬ ಎಣಿಕೆ ಬಂದದ್ದು ಎಲ್ಲಿಂದ? ಪಾಸ್‌ಪೋರ್ಟಿಗೆ ಫೋಟೋ ಅಂಟಿಸುವುದು ವ್ಯಾಪಕವಾದದ್ದು ಮೊದಲ ಮಹಾಯುದ್ಧದ ಹೊತ್ತಿಗೆ. ಅಮೆರಿಕ 1914ರ ಕೊನೆಯಲ್ಲಿ ಅದನ್ನು ಕಡ್ಡಾಯ ಮಾಡಿತು, ಬ್ರಿಟನ್ ಅದರ ಬೆನ್ನಿಗೇ. ಆ ಮೊದಮೊದಲ ಫೋಟೋಗಳಲ್ಲಿ ಜನ ಟೋಪಿ ಹಾಕಿಕೊಂಡೇ ಕೂತಿರುತ್ತಿದ್ದರು, ಹೆಂಡತಿ ಮಕ್ಕಳೊಂದಿಗೆ ತೆಗೆಸಿದ ಚಿತ್ರವೂ ನಡೆಯುತ್ತಿತ್ತು. ನೇರ ನೋಟ, ಬರಿದಲೆ, ಭಾವವಿಲ್ಲದ ಮುಖ ಎಂಬ ಶಿಸ್ತಿನ ಬೇರು ಬೇರೊಂದು ಕಡೆಯಿದೆ. 1880ರ ದಶಕದಲ್ಲಿ ಪ್ಯಾರಿಸ್ ಪೊಲೀಸ್ ಇಲಾಖೆಯ ಅಲ್ಫೋನ್ಸ್ ಬೆರ್ತಿಯೋಂ ಬಂಧಿತರನ್ನು ಅಳೆದು, ಎದುರಿನಿಂದಲೂ ಪಕ್ಕದಿಂದಲೂ ಫೋಟೋ ತೆಗೆದು ಕಡತ ಮಾಡುವ ಕ್ರಮ ರೂಪಿಸಿದ. ಮನುಷ್ಯನ ಕಿವಿ ಜೀವನವಿಡೀ ಬದಲಾಗುವುದಿಲ್ಲ ಎಂದು ಆತ ಕಿವಿಗೆ ಬಹಳ ಬೆಲೆ ಕೊಟ್ಟಿದ್ದ. ಅಮೆರಿಕದ ವಲಸೆ ಇಲಾಖೆ 2004ರವರೆಗೂ ಬಲಗಿವಿ ಕಾಣುವಂತೆ ಮುಖ ತಿರುಗಿಸಿದ ಫೋಟೋವನ್ನೇ ಕೇಳುತ್ತಿತ್ತು. ಆಮೇಲೆ ಎದುರುಮುಖದ ಫೋಟೋ ಸಾಕು ಎಂದಿತು. ಯಾವುದಿಲ್ಲದೆ ಗುರುತು ಸಿಗುವುದೇ ಇಲ್ಲ ಎಂದು ಒಂದು ಕಾಲದ ಅಧಿಕಾರಿಗಳು ನಂಬಿದ್ದರೋ ಅದನ್ನು ಮುಂದಿನ ಕಾಲದವರು ಸದ್ದಿಲ್ಲದೆ ಕೈಬಿಟ್ಟರು.

ಇದೇ ಚರಿತ್ರೆಯಲ್ಲಿ 1960ರ ಅಲ್ಜೀರಿಯದ ಒಂದು ಪುಟ ಇದೆ. ಅದನ್ನು ಬಿಟ್ಟು ಈ ಪ್ರಶ್ನೆಯನ್ನು ಚರ್ಚಿಸುವುದು ನನಗೆ ಸರಿಕಾಣುವುದಿಲ್ಲ. ಸ್ವಾತಂತ್ರ್ಯ ಹೋರಾಟವನ್ನು ಹತ್ತಿಕ್ಕಲು ಫ್ರೆಂಚ್ ಸೇನೆ ಹಳ್ಳಿಗರನ್ನು ಅವರ ಊರುಗಳಿಂದ ಎಬ್ಬಿಸಿ ಕಾವಲಿರುವ ಹಟ್ಟಿಗಳಲ್ಲಿ ಕೂಡಿಹಾಕಿತ್ತು. ಎಲ್ಲರಿಗೂ ಗುರುತಿನ ಚೀಟಿ ಕೊಡಬೇಕೆಂದು ಆಜ್ಞೆಯಾಯಿತು. ಕಡ್ಡಾಯ ಸೇನಾಸೇವೆಗೆ ಬಂದಿದ್ದ ಮಾರ್ಕ್ ಗರಾಂಜೆ ಎಂಬ ಯುವಕನಿಗೆ ಫೋಟೋ ತೆಗೆಯುವ ಕೆಲಸ ಬಿತ್ತು. ಹೆಂಗಸರು ಮುಸುಕು ತೆಗೆದು ಕೂರಬೇಕು ಎಂದು ದಳಪತಿ ಹೇಳಿದ. ಸುಮಾರು ಹತ್ತು ದಿನಗಳಲ್ಲಿ ಎರಡು ಸಾವಿರದಷ್ಟು ಹೆಂಗಸರನ್ನು ಒಬ್ಬೊಬ್ಬರಾಗಿ ಸುಣ್ಣದ ಗೋಡೆಯ ಮುಂದೆ ಕೂರಿಸಿ ಚಿತ್ರ ತೆಗೆಯಲಾಯಿತು. ಗರಾಂಜೆ ಆ ಚಿತ್ರಗಳನ್ನು ಮುಂದೆ ಪುಸ್ತಕವಾಗಿ ಪ್ರಕಟಿಸಿದ. ಅವುಗಳನ್ನು ನೋಡಿದವರು ಮರೆಯಲಾರರು. ತುಟಿ ಬಿಗಿದಿದೆ, ಕೂದಲು ಕೆದರಿದೆ, ಕಣ್ಣು ನೇರವಾಗಿ ಕ್ಯಾಮರಾವನ್ನು ಇರಿಯುತ್ತಿದೆ. ಅಧಿಕಾರಿಗೆ ಅದು ಒಂದು ನಿಮಿಷದ ಕೆಲಸ, ಅವರಿಗೆ ಮನೆಯ ಗಂಡಸರ ಹೊರತು ಯಾರೂ ಕಾಣದ ತಲೆಯನ್ನು ಶತ್ರು ಸೈನಿಕನ ಮುಂದೆ ಬಯಲು ಮಾಡಿದ ಗಳಿಗೆ. ತಲೆವಸ್ತ್ರ ತೆಗೆಯಿರಿ ಎಂದು ಇವತ್ತು ಫ್ರಾನ್ಸ್ ಹೇಳಿದಾಗ ಉತ್ತರ ಆಫ್ರಿಕದ ಮೂಲದವರ ಕಿವಿಗೆ ಅದು ಬರಿಯ ಆಡಳಿತದ ಸೂಚನೆಯಾಗಿ ಕೇಳದಿರುವುದಕ್ಕೆ ಇದೂ ಒಂದು ಕಾರಣ.

ಫ್ರಾನ್ಸ್ ಹಾಗೆ ಹೇಳಿದ್ದು ಸಿಖ್ಖರಿಗೂ ಕೂಡ. ಅಲ್ಲಿ ಪಾಸ್‌ಪೋರ್ಟ್, ಚಾಲನಾ ಪರವಾನಗಿ, ನಿವಾಸದ ಚೀಟಿ ಎಲ್ಲಕ್ಕೂ ಬರಿದಲೆಯ ಫೋಟೋ ಬೇಕು. ಹಿಂದೆ ಪೇಟವಿದ್ದ ಫೋಟೋಗಳು ನಡೆಯುತ್ತಿದ್ದವು, ಆಮೇಲೆ ಹಿಡಿತ ಬಿಗಿಯಾಯಿತು. ಫ್ರೆಂಚ್ ಪೌರತ್ವ ಪಡೆದಿದ್ದ ಒಬ್ಬ ಸಿಖ್ಖರು ಪರವಾನಗಿಯ ವಿಷಯಕ್ಕೆ ಸ್ಟ್ರಾಸ್‌ಬರ್ಗಿನ ಯುರೋಪಿಯನ್ ಮಾನವ ಹಕ್ಕುಗಳ ನ್ಯಾಯಾಲಯಕ್ಕೆ ಹೋದರು. 2008ರಲ್ಲಿ ಆ ನ್ಯಾಯಾಲಯ ಇದು ಆಯಾ ದೇಶದ ವಿವೇಚನೆಗೆ ಬಿಟ್ಟದ್ದು ಎಂದು ಅರ್ಜಿಯನ್ನು ಬಾಗಿಲಲ್ಲೇ ತಿರಸ್ಕರಿಸಿತು. ಅವರೇ ಪಾಸ್‌ಪೋರ್ಟಿನ ವಿಷಯ ಹಿಡಿದು ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಸಮಿತಿಗೆ ಹೋದಾಗ, 2013ರಲ್ಲಿ, ಅವರ ಧಾರ್ಮಿಕ ಸ್ವಾತಂತ್ರ್ಯಕ್ಕೆ ಭಂಗವಾಗಿದೆ ಎಂಬ ತೀರ್ಮಾನ ಬಂತು. ಅದಕ್ಕೂ ಎರಡು ವರ್ಷ ಮುಂಚೆ, ನಿರಾಶ್ರಿತರಾಗಿ ಫ್ರಾನ್ಸಿಗೆ ಬಂದಿದ್ದ ಇನ್ನೊಬ್ಬ ವೃದ್ಧ ಸಿಖ್ಖರ ಪ್ರಕರಣದಲ್ಲೂ ಸಮಿತಿ ಹಾಗೆಯೇ ಹೇಳಿತ್ತು. ಪೇಟ ತೆಗೆಯದ ತಪ್ಪಿಗೆ ಅವರ ನಿವಾಸದ ಚೀಟಿ ನವೀಕರಣವಾಗಿರಲಿಲ್ಲ. ಚೀಟಿಯಿಲ್ಲದ್ದರಿಂದ ಎಪ್ಪತ್ತು ದಾಟಿದ ಆ ಮನುಷ್ಯನಿಗೆ ಸರ್ಕಾರಿ ವೈದ್ಯಕೀಯ ನೆರವೂ ನಿಂತಿತ್ತು.

ಸಮಿತಿಯ ತರ್ಕದಲ್ಲಿ ಎರಡು ಮಾತುಗಳು ನನಗೆ ಬಹಳ ಮುಖ್ಯವಾಗಿ ಕಾಣುತ್ತವೆ. ಮನುಷ್ಯ ಸದಾ ಪೇಟದಲ್ಲಿರುತ್ತಾನೆ, ಮುಖ ಸ್ಪಷ್ಟವಾಗಿ ಕಾಣುತ್ತದೆ. ಹೀಗಿರುವಾಗ ಬರಿದಲೆಯ ಫೋಟೋದಿಂದ ಅವನನ್ನು ಗುರುತಿಸುವುದು ಸುಲಭವಾಗುವುದು ಹೇಗೆಂದು ಫ್ರಾನ್ಸ್ ವಿವರಿಸಿಲ್ಲ ಎಂಬುದು ಒಂದು. ವಿಮಾನ ನಿಲ್ದಾಣದ ಅಧಿಕಾರಿಯ ಮುಂದೆ ನಿಲ್ಲುವುದು ಪೇಟ ಸುತ್ತಿದ ಮನುಷ್ಯ. ಕೈಯಲ್ಲಿರುವ ಚಿತ್ರದಲ್ಲಿ ಜಡೆ ಬಿಚ್ಚಿದ ಬೇರೊಬ್ಬನಂತೆ ಕಾಣುವವನಿದ್ದರೆ ಆ ಅಧಿಕಾರಿಗೆ ಕಷ್ಟವೇ ಹೆಚ್ಚು. ಇನ್ನೊಂದು ಮಾತು ಇನ್ನೂ ಆಳದ್ದು. ಒಂದು ಸಲ ತಾನೇ, ಐದು ನಿಮಿಷ ತೆಗೆದರೇನು ಎಂದು ನಾವು ಕೇಳುತ್ತೇವೆ. ಫೋಟೋ ತೆಗೆಯುವುದು ಒಂದು ಸಲ, ಫೋಟೋ ಇರುವುದು ವರ್ಷಗಟ್ಟಲೆ. ಪ್ರತಿ ಸಲ ಚೀಟಿ ತೋರಿಸುವಾಗಲೂ ತನ್ನನ್ನು ತಾನು ಹಾಗೆ ನೋಡಬೇಕು, ಹೋಲಿಕೆಗಾಗಿ ಪೇಟ ತೆಗೆ ಎಂದು ಯಾರಾದರೂ ಹೇಳಬಹುದೆಂಬ ಅಳುಕಿನಲ್ಲಿ ಬದುಕಬೇಕು. ಸಮಿತಿಯ ಮಾತಿಗೆ ಕಾನೂನಿನ ಬಲವಿಲ್ಲ, ಫ್ರಾನ್ಸ್ ತನ್ನ ನಿಯಮ ಬದಲಿಸಲಿಲ್ಲ.

ಈ 'ಸ್ವಲ್ಪ ಹೊತ್ತು ತಾನೇ' ಎಂಬ ವಾದ ನಮ್ಮಲ್ಲೂ ಕೇಳಿಸಿತು. 2015ರಲ್ಲಿ ವೈದ್ಯಕೀಯ ಪ್ರವೇಶ ಪರೀಕ್ಷೆಗೆ ಶಿರವಸ್ತ್ರ ನಿಷೇಧಿಸಿದಾಗ, ಅದಿಲ್ಲದೆ ಪರೀಕ್ಷೆ ಬರೆದರೆ ನಂಬಿಕೆ ಮಾಯವಾಗುವುದಿಲ್ಲ ಎಂದು ಸುಪ್ರೀಂ ಕೋರ್ಟಿನ ಮುಖ್ಯ ನ್ಯಾಯಮೂರ್ತಿ ಎಚ್.ಎಲ್. ದತ್ತು ಅವರ ಪೀಠ ಹೇಳಿತು. ಅದೇ ಪರೀಕ್ಷೆಗೆ ಕೇರಳ ಹೈಕೋರ್ಟು ಹಿಡಿದ ದಾರಿ ಬೇರೆ. ಬೇಗ ಬನ್ನಿ, ಮಹಿಳಾ ಮೇಲ್ವಿಚಾರಕಿಯಿಂದ ತಪಾಸಣೆ ಮಾಡಿಸಿಕೊಳ್ಳಿ, ಶಿರವಸ್ತ್ರದಲ್ಲೇ ಬರೆಯಿರಿ ಎಂದು ಇಬ್ಬರು ವಿದ್ಯಾರ್ಥಿನಿಯರಿಗೆ ಅದು ಅನುಮತಿ ಕೊಟ್ಟಿತ್ತು. ನಕಲು ತಡೆಯುವ ಕೆಲಸವೂ ಆಯಿತು, ಹುಡುಗಿಯರ ಮರ್ಯಾದೆಯೂ ಉಳಿಯಿತು.

ಟರ್ಕಿ, ರಷ್ಯಗಳ ಅನುಭವವನ್ನು ಚುಟುಕಾಗಿ ಹೇಳಬಹುದು. ಟರ್ಕಿಯಲ್ಲಿ ಪದವಿ ಪ್ರಮಾಣಪತ್ರಕ್ಕೆ ಶಿರವಸ್ತ್ರವಿಲ್ಲದ ಫೋಟೋ ಬೇಕೆಂದು ವಿಶ್ವವಿದ್ಯಾಲಯ ಪಟ್ಟು ಹಿಡಿದಾಗ ವಿದ್ಯಾರ್ಥಿನಿಯ ದೂರನ್ನು ಯುರೋಪಿಯನ್ ಮಾನವ ಹಕ್ಕುಗಳ ಆಯೋಗ 1993ರಲ್ಲಿ ತಳ್ಳಿಹಾಕಿತು. ರಷ್ಯದಲ್ಲಿ ತತಾರಸ್ತಾನದ ಮುಸ್ಲಿಂ ಮಹಿಳೆಯರು ಹೋರಾಡಿ, 2003ರಲ್ಲಿ ರಷ್ಯದ ಸುಪ್ರೀಂ ಕೋರ್ಟಿನಿಂದ ಶಿರವಸ್ತ್ರದ ಪಾಸ್‌ಪೋರ್ಟ್ ಫೋಟೋಗೆ ಹಕ್ಕು ಪಡೆದರು.

ಇಲ್ಲಿಯವರೆಗೂ ಹೇಳಿದ್ದು ತಲೆಯ ಮಾತು. ಮುಖದ ಮಾತು ಬೇರೆ, ಅಲ್ಲಿ ನನ್ನ ನಿಲುವೂ ಬೇರೆ. ಫ್ಲಾರಿಡಾದ ಒಬ್ಬ ಮಹಿಳೆ ಕಣ್ಣು ಮಾತ್ರ ಕಾಣುವ ನಿಖಾಬಿನಲ್ಲೇ ಚಾಲನಾ ಪರವಾನಗಿಯ ಫೋಟೋ ತೆಗೆಸಿಕೊಂಡಿದ್ದರು. 2001ರ ಸೆಪ್ಟೆಂಬರ್ ದಾಳಿಯ ನಂತರ ಹೊಸ ಫೋಟೋ ಕೇಳಿದರು, ಆಕೆ ಒಪ್ಪಲಿಲ್ಲ, ಪರವಾನಗಿ ರದ್ದಾಯಿತು. 2003ರಲ್ಲಿ ಕೆಳಗಿನ ನ್ಯಾಯಾಲಯ, 2006ರಲ್ಲಿ ಮೇಲಿನ ನ್ಯಾಯಾಲಯ ಎರಡೂ ಸರ್ಕಾರದ ಪರ ನಿಂತವು. ಆ ತೀರ್ಪನ್ನು ನಾನು ಒಪ್ಪುತ್ತೇನೆ. ಕಾರಣ ಯಂತ್ರವೂ ಹೌದು, ಮನುಷ್ಯನ ಕಣ್ಣೂ ಹೌದು. ಮುಖ ಗುರುತಿಸುವ ಕಂಪ್ಯೂಟರ್ ಲೆಕ್ಕ ಹಾಕುವುದು ಮುಖ್ಯವಾಗಿ ಕಣ್ಣು, ಮೂಗು, ಬಾಯಿಗಳ ಆಕಾರ ಮತ್ತು ಅವುಗಳ ನಡುವಿನ ಅಂತರವನ್ನು. 2020ರಲ್ಲಿ ಮಾಸ್ಕ್ ಎಲ್ಲರ ಮುಖಕ್ಕೆ ಬಂದಾಗ ಅಮೆರಿಕದ ರಾಷ್ಟ್ರೀಯ ಮಾನಕ ಮತ್ತು ತಂತ್ರಜ್ಞಾನ ಸಂಸ್ಥೆ ಪರೀಕ್ಷೆ ನಡೆಸಿತು. ಬರಿಮುಖದಲ್ಲಿ ಸುಮಾರು ಶೇ. 0.3ರಷ್ಟು ಮಾತ್ರ ತಪ್ಪುತ್ತಿದ್ದ ಅತ್ಯುತ್ತಮ ವಿಧಾನಗಳು ಮಾಸ್ಕಿನಲ್ಲಿ ಶೇ. 5ರಷ್ಟು ತಪ್ಪಿದವು. ಎಷ್ಟೋ ವಿಧಾನಗಳು ಶೇ. 20ರಿಂದ 50ರಷ್ಟು ಸೋತವು. ಮೂಗು ಬಾಯಿ ಮುಚ್ಚಿದರೆ ಗುರುತು ಕೆಡುತ್ತದೆ. ನೆತ್ತಿ ಮುಚ್ಚಿದರೆ, ಹಣೆಯ ಮೇಲೆ ನೆರಳು ಬೀಳದಂತೆ ನೋಡಿಕೊಂಡರೆ, ಕೆಡುವುದು ಹೆಚ್ಚೇನಿಲ್ಲ. ಕೂದಲು ಹೇಗೂ ಬೆಳೆಯುವುದು, ಉದುರುವುದು, ಬಣ್ಣ ಹಚ್ಚಿಸಿಕೊಳ್ಳುವುದು.

ಮುಖ ತೋರಿಸಬೇಕು ಎಂದ ಮೇಲೆ ಯಾರಿಗೆ, ಎಲ್ಲಿ ಎಂಬುದು ಸರ್ಕಾರದ ಹೊಣೆ. ಫ್ಲಾರಿಡಾದಲ್ಲಿ ಗಂಡಸರಿಲ್ಲದ ಕೋಣೆಯಲ್ಲಿ ಮಹಿಳಾ ಸಿಬ್ಬಂದಿಯೇ ಫೋಟೋ ತೆಗೆಯುವ ಏರ್ಪಾಡಿತ್ತು, ಅದು ತೀರ್ಪಿನಲ್ಲೂ ತೂಗಿತು. ನಮ್ಮ ಚುನಾವಣಾ ಆಯೋಗ ಮತಗಟ್ಟೆ ಅಧಿಕಾರಿಗಳಿಗೆ ಕೊಡುವ ಕೈಪಿಡಿಯಲ್ಲೂ ಇಂಥದೇ ವಿವೇಕವಿದೆ. ಗೋಷಾ ಹೆಂಗಸರು ಹೆಚ್ಚಿರುವ ಕಡೆ ಪ್ರತ್ಯೇಕ ಮರೆ ಕಟ್ಟಿ, ಮಹಿಳಾ ಸಿಬ್ಬಂದಿಯಿಂದ ಗುರುತು ನೋಡಿಸಿ ಶಾಯಿ ಹಚ್ಚಬೇಕು. ಅವರ ಖಾಸಗಿತನ, ಘನತೆಗೆ ಕುಂದು ಬರಬಾರದು. ಅದಕ್ಕೆ ದೊಡ್ಡ ಖರ್ಚೂ ಬೇಡ, ಸ್ಥಳದಲ್ಲಿ ಸಿಗುವ ಅಗ್ಗದ ಸಾಮಗ್ರಿಯಲ್ಲೇ ಮರೆ ಕಟ್ಟಬಹುದು. ಮುಖ ತೋರಿಸಲಿ ಎಂದು ಬೀದಿಯಲ್ಲಿ ಕೂಗುವ ಏಜೆಂಟರಿಗೂ, ತೋರಿಸುವುದೇ ಬೇಡ ಎನ್ನುವವರಿಗೂ ಆ ಕೈಪಿಡಿಯ ಪುಟವನ್ನು ಓದಿ ಹೇಳಬೇಕು. ನೋಡುವ ಹಕ್ಕಿರುವುದು ಅಧಿಕಾರಿಗೆ, ಸರದಿಯಲ್ಲಿ ನಿಂತ ಎಲ್ಲರಿಗಲ್ಲ.

ಫೋಟೋವೇ ಪಾಪ ಎನ್ನುವವರೂ ಇದ್ದಾರೆ. ಕೆನಡಾದ ಆಲ್ಬರ್ಟಾ ಪ್ರಾಂತ್ಯದ ಹಟರೈಟ್ ಕ್ರೈಸ್ತರು ಸಮುದಾಯವಾಗಿ ಕೂಡಿ ಬೇಸಾಯ ಮಾಡುವ ಜನ. ಚಿತ್ರ ತೆಗೆಸಿಕೊಳ್ಳುವುದು ಬೈಬಲಿನ ಎರಡನೆಯ ಆಜ್ಞೆಗೆ ವಿರುದ್ಧವೆಂದು ಅವರ ನಂಬಿಕೆ. ಮೂರು ದಶಕ ಅವರಿಗೆ ಫೋಟೋ ಇಲ್ಲದ ಪರವಾನಗಿ ಸಿಗುತ್ತಿತ್ತು, 2003ರಲ್ಲಿ ನಿಂತಿತು. 2009ರಲ್ಲಿ ಕೆನಡಾದ ಸುಪ್ರೀಂ ಕೋರ್ಟು ನಾಲ್ಕಕ್ಕೆ ಮೂರರ ಬಹುಮತದಿಂದ ಸರ್ಕಾರದ ಪರ ತೀರ್ಪು ಕೊಟ್ಟಿತು. ಪರವಾನಗಿಯೇ ಇಲ್ಲದ 7 ಲಕ್ಷಕ್ಕೂ ಹೆಚ್ಚು ಆಲ್ಬರ್ಟನ್ನರ ಮುಖ ಆ ದತ್ತಾಂಶದಲ್ಲಿ ಹೇಗೂ ಇಲ್ಲ, ಕೆಲವು ನೂರು ಹಟರೈಟರು ಸೇರದಿದ್ದರೆ ಭದ್ರತೆಗೆ ಆಗುವ ನಷ್ಟವೇನು ಎಂದು ಭಿನ್ನಮತದಲ್ಲಿ ಬಂದ ಪ್ರಶ್ನೆಗೆ ಬಹುಮತದ ಉತ್ತರ ನನಗೆ ಸಾಲದು ಅನ್ನಿಸುತ್ತದೆ.

ಇನ್ನು ಎಲ್ಲಕ್ಕಿಂತ ತೊಡಕಿನ ವಿಷಯ. ತಲೆ ಮುಚ್ಚುವ ಅವಕಾಶ ಧರ್ಮದ ಕಾರಣಕ್ಕೆ ಮಾತ್ರ ಎಂದರೆ, ಯಾವುದು ಧರ್ಮ, ಯಾರ ಭಕ್ತಿ ನಿಜ ಎಂದು ತೀರ್ಮಾನಿಸುವವರು ಯಾರು? ಕೌಂಟರಿನಲ್ಲಿ ಕೂತ ಗುಮಾಸ್ತ. 2016ರಲ್ಲಿ ಅಮೆರಿಕದ ಅಲಬಾಮಾದಲ್ಲಿ ಕ್ರೈಸ್ತ ಮಹಿಳೆಯೊಬ್ಬರು ನನ್ನ ನಂಬಿಕೆಯ ಪ್ರಕಾರ ತಲೆ ಮುಚ್ಚಿಕೊಂಡಿದ್ದೇನೆ ಎಂದಾಗ, ಆ ಹಕ್ಕಿರುವುದು ಮುಸ್ಲಿಂ ಹೆಂಗಸರಿಗೆ ಮಾತ್ರ ಎಂದು ಪರವಾನಗಿ ಕಚೇರಿಯಲ್ಲಿ ಉತ್ತರ ಬಂತೆಂದು ಮೊಕದ್ದಮೆ ಹೂಡಿದರು. ಆಸ್ಟ್ರಿಯದ ನಿಕೊ ಆಲ್ಮ್ ಎಂಬಾತ ಧರ್ಮಕ್ಕೆ ಮಾತ್ರ ವಿನಾಯಿತಿ ಏಕೆ ಎಂದು ಪ್ರಶ್ನಿಸಲು ಜರಡಿಪಾತ್ರೆಯನ್ನು ತಲೆಗೆ ಹಾಕಿಕೊಂಡು ಅರ್ಜಿ ಕೊಟ್ಟು, 2011ರಲ್ಲಿ ಪರವಾನಗಿ ಪಡೆದ. ಜನ ಅದನ್ನು ತಮಾಷೆಯಾಗಿ ನೋಡಿದರು. ವಿಯೆನ್ನಾ ಪೊಲೀಸರು ಹೇಳಿದ ಮಾತು ಮಾತ್ರ ಗಮನಿಸಬೇಕಾದದ್ದು. ಧರ್ಮದ ಕಾರಣಕ್ಕೆ ಒಪ್ಪಿದ್ದಲ್ಲ, ಮುಖ ಪೂರ್ತಿ ಕಾಣುತ್ತದೆಂದು ಒಪ್ಪಿದ್ದು ಎಂದರು. ಅಂಥದೇ ಜರಡಿಪಾತ್ರೆಯನ್ನು ತನ್ನ ಧರ್ಮದ ಉಡುಪೆಂದು ತೊಟ್ಟ ಡಚ್ ಮಹಿಳೆಗೆ ಯುರೋಪಿಯನ್ ಮಾನವ ಹಕ್ಕುಗಳ ನ್ಯಾಯಾಲಯ 2021ರಲ್ಲಿ ಇದು ಧರ್ಮವೇ ಅಲ್ಲ ಎಂದಿತು. ಒಂದೇ ಪಾತ್ರೆ, ಎರಡು ಅಳತೆ.

ಯಾವುದು ಧರ್ಮಕ್ಕೆ ಅತ್ಯಗತ್ಯ ಎಂಬ ಈ ಹುಡುಕಾಟ ಕನ್ನಡಿಗರಿಗೆ ಹೊಸದಲ್ಲ. 1954ರ ಶಿರೂರು ಮಠದ ಪ್ರಕರಣದಲ್ಲಿ, ಅಂದರೆ ನಮ್ಮ ಉಡುಪಿಯ ಅಷ್ಟಮಠಗಳಲ್ಲಿ ಒಂದರ ಮೊಕದ್ದಮೆಯಲ್ಲೇ, ಸುಪ್ರೀಂ ಕೋರ್ಟು ಒಂದು ಧರ್ಮದ ಅತ್ಯಗತ್ಯ ಭಾಗವನ್ನು ಆ ಧರ್ಮದ ಬೋಧನೆಯಿಂದಲೇ ತಿಳಿಯಬೇಕು ಎಂದಿತು. ಅಲ್ಲಿಂದ ಹೊರಟ ತತ್ವ 2022ರ ಮಾರ್ಚಿನಲ್ಲಿ ಕರ್ನಾಟಕ ಹೈಕೋರ್ಟಿಗೆ ಬಂದು, ಹಿಜಾಬ್ ಇಸ್ಲಾಮಿಗೆ ಅತ್ಯಗತ್ಯವಲ್ಲ ಎಂಬ ತೀರ್ಪಾಯಿತು. ಅದೇ ವರ್ಷದ ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳು ಎರಡು ಬೇರೆ ತೀರ್ಪು ಬರೆದರು. ತರಗತಿಯ ಸಮವಸ್ತ್ರದ ಪ್ರಶ್ನೆಯೇ ಬೇರೆ, ಗುರುತಿನ ಚೀಟಿಯದೇ ಬೇರೆ, ಎರಡನ್ನೂ ಕಲಸಬಾರದು. ಆದರೂ ಇಷ್ಟು ದೊಡ್ಡ ನ್ಯಾಯಮೂರ್ತಿಗಳು ಒಮ್ಮತಕ್ಕೆ ಬಾರದ ವಿಷಯವನ್ನು ನೋಂದಣಿ ಕೇಂದ್ರದ ಆಪರೇಟರ್ ನಿಮಿಷದಲ್ಲಿ ನಿರ್ಧರಿಸಲಿ ಎಂದು ಬಿಡುವುದು ತಪ್ಪು.

ಹಾಗಾಗಿ ನನ್ನ ವಾದ ಇಷ್ಟು: ಕಾರಣ ಕೇಳಬೇಡಿ. ಹಣೆಯಿಂದ ಗದ್ದದವರೆಗೆ ಮುಖ ಕಾಣುತ್ತದೆಯೇ, ನೆರಳಿಲ್ಲವೇ, ದಿನವೂ ಹೀಗೆಯೇ ಇರುತ್ತೀರಾ, ಮೂರಕ್ಕೂ ಹೌದಾದರೆ ಫೋಟೋ ತೆಗೆಯಿರಿ. ವಿಜಯಪುರ, ಬಾಗಲಕೋಟೆಯ ಕಡೆ ಸೆರಗು ತಲೆಯ ಮೇಲಿಲ್ಲದೆ ಅಂಗಳಕ್ಕೂ ಬಾರದ ಅಜ್ಜಿಯರಿದ್ದಾರೆ, ರುಮಾಲು ಸುತ್ತದೆ ನಾಲ್ಕು ಜನರ ಮುಂದೆ ಕೂರದ ಹಿರಿಯರಿದ್ದಾರೆ. ಇವರನ್ನು ಇದು ಧರ್ಮವೋ ರೂಢಿಯೋ ಎಂದು ಕೇಳಿದರೆ ಏನು ಹೇಳಿಯಾರು? ಅವರ ಪಾಲಿಗೆ ಅದು ಮರ್ಯಾದೆ. ಕಿಮೋ ಚಿಕಿತ್ಸೆಯಲ್ಲಿ ಕೂದಲು ಕಳೆದುಕೊಂಡು ಬಟ್ಟೆ ಕಟ್ಟಿಕೊಂಡವಳಿಗೂ ಅಷ್ಟೇ. ಸಿಖ್ಖನಿಗೆ, ಸಿಸ್ಟರಿಗೆ, ಹಿಜಾಬ್ ತೊಟ್ಟವಳಿಗೆ ಸಿಗುವ ಹಕ್ಕು ಎಲ್ಲರದೂ ಆದಾಗ ಅದು ಓಲೈಕೆ ಎನ್ನುವವರ ಬಾಯಿಯೂ ಕಟ್ಟುತ್ತದೆ.

ನಿಯಮ ಒಳ್ಳೆಯದಿದ್ದರೂ ಕೌಂಟರಿನಲ್ಲಿ ಅದು ತಲೆಕೆಳಗಾಗುವುದುಂಟು. ತಲೆ ಮೇಲಿಂದು ತೆಗೀರಿ, ಸಿಸ್ಟಂ ತಗೊಳಲ್ಲ ಎನ್ನುವ ಮಾತು ಎಷ್ಟೋ ಜನ ಕೇಳಿದ್ದಾರೆ. ಹೆಚ್ಚಿನವರು ಜಗಳವಾಡದೆ ತೆಗೆಯುತ್ತಾರೆ, ಯಾಕೆಂದರೆ ಪಿಂಚಣಿ, ಪಡಿತರ ಅದರ ಮೇಲೆ ನಿಂತಿದೆ. ನ್ಯೂಯಾರ್ಕಿನಲ್ಲಿ ಬಂಧನದ ವೇಳೆ ಹಿಜಾಬ್ ತೆಗೆಸಿ ಫೋಟೋ ತೆಗೆದದ್ದಕ್ಕೆ ಇಬ್ಬರು ಮಹಿಳೆಯರು ಹೂಡಿದ ಮೊಕದ್ದಮೆ 2024ರಲ್ಲಿ 1.75 ಕೋಟಿ ಡಾಲರಿನ ಒಪ್ಪಂದದಲ್ಲಿ ಮುಗಿಯಿತು. ಪೊಲೀಸರು 2020ರಲ್ಲೇ ನಿಯಮ ಬದಲಿಸಿದ್ದರು. ನಮ್ಮ ಅಜ್ಜಿಯರು ಕೋರ್ಟಿಗೆ ಹೋಗುವವರಲ್ಲ. ಅವರಿಗಾಗಿ ಕೇಂದ್ರದ ಗೋಡೆಯ ಮೇಲೆ ಕನ್ನಡದಲ್ಲಿ ಬರೆದ ನಿಯಮ ಬೇಕು, ಒಂದು ಪರದೆ ಬೇಕು, ಕರೆದರೆ ಬರುವ ಒಬ್ಬ ಮಹಿಳಾ ಸಿಬ್ಬಂದಿ ಬೇಕು.

ಇದು ಈಗ ತುರ್ತಿನ ಮಾತು, ಏಕೆಂದರೆ ಫೋಟೋ ಇನ್ನು ಹತ್ತು ವರ್ಷಕ್ಕೊಮ್ಮೆ ತೆಗೆಸುವ ವಸ್ತುವಾಗಿ ಉಳಿದಿಲ್ಲ. 2021ರಿಂದ ಪಿಂಚಣಿದಾರರ ಜೀವಿತ ಪ್ರಮಾಣಪತ್ರಕ್ಕೆ ಮೊಬೈಲಿನಲ್ಲೇ ಮುಖ ಹೋಲಿಸುವ ವ್ಯವಸ್ಥೆ ಬಂದಿದೆ. 2023ರ ಜನವರಿಯಿಂದ ಉದ್ಯೋಗ ಖಾತ್ರಿಯ ಕೆಲಸದ ಜಾಗದಲ್ಲಿ ದಿನಕ್ಕೆರಡು ಸಲ ಫೋಟೋ ತೆಗೆದು ಹಾಜರಿ ಹಾಕುವುದು ಕಡ್ಡಾಯವಾಯಿತು. ಅಂಗನವಾಡಿಯಲ್ಲಿ ಪೌಷ್ಟಿಕ ಆಹಾರ ಒಯ್ಯುವ ತಾಯಂದಿರ ಮುಖವನ್ನೂ ಯಂತ್ರ ನೋಡುತ್ತಿದೆ. ಅಂಗನವಾಡಿಯಲ್ಲಿ ಮೊಬೈಲ್ ಹಿಡಿಯುವವಳು ಊರಿನದೇ ಹೆಂಗಸು, ಉದ್ಯೋಗ ಖಾತ್ರಿಯ ಕೂಲಿಗಾರರ ಮೇಲ್ವಿಚಾರಣೆ ನೋಡುವ ಕಾಯಕ ಬಂಧುವೂ ಎಷ್ಟೋ ಕಡೆ ಹೆಂಗಸೇ, ಆದ್ದರಿಂದ ಮುಜುಗರ ಕಡಿಮೆ. ಆದರೆ ಬಿಸಿಲಿಗೆ ಸೆರಗು ಬಿಗಿದು ಟವೆಲ್ ಸುತ್ತಿ ಮಣ್ಣು ಹೊರುವವಳ ಮುಖವನ್ನು ಯಂತ್ರ ಒಪ್ಪದಿದ್ದರೆ ಆ ದಿನದ ಕೂಲಿ ಏನಾಗಬೇಕು? ಬೆರಳಚ್ಚು, ಒಟಿಪಿ, ಕೊನೆಗೆ ಎದುರಿಗೆ ನಿಂತು ಗುರುತು ಹಿಡಿದವಳ ಸಹಿ, ಇವುಗಳಲ್ಲಿ ಒಂದು ದಾರಿ ಸದಾ ತೆರೆದಿರಬೇಕು. ಆ ದಾರಿ ಯಾವುದೆಂದು ಆ್ಯಪ್ ಬರುವ ಮೊದಲೇ ಆದೇಶದಲ್ಲಿ ಬರೆದಿರಬೇಕು.